ಗುಡಿಸಿನ ದೀರ್ಘ

ಬೀದರದ ನಮ್ಮ ಬಿದ್ರಿ ಗಲ್ಲಿಯೊಳಗ
ನನ್ನ ಹೆಸರಿಗೆ ನಾಕು ಮಂದಿ ವಾರಸುದಾರರು.

ಅಪ್ಪ ಅಂತಿದ್ದ: ಮೀನಾ ಅಂದ್ರ ಮೀನಲ್ಲ, ಹುಚ್ಚಿ,
ಫಾರ್ಸಿ ಮಾತು. ಗಾಜಿನ ನೀಲಿ, ಆಕಾಶ ಅರೆದು ಬಳಿದದ್ದು.
ಹಳೇ ಮದರಸಾದ ಗ್ವಾಡಿ ಮ್ಯಾಲ ಉದುರಿ ಉಳಿದದಲ್ಲ, ಅದು.
ಯಾಕೂಬ್ ಉಸ್ತಾದರು ಕಲಿಸಿದ ಕಸಬಿನಾಗ
ಕರಿ ಒಂದು, ಬೆಳ್ಳಿ ಒಂದು.
ಎಷ್ಟು ವರ್ಷ ಕೋಟೆ ಮಣ್ಣಾಗ ಕೈ ಅದ್ದಿದ್ರೂ
ನೀಲಿ ಹತ್ತಲಿಲ್ಲ ಬೆರಳಿಗೆ.
ಅದಕ್ಕ ನಿನ್ನ ಕರಿಯೂದ್ರಾಗ ಹಚ್ಚಿಕೊಂಡೆ.

ಆಯಿ ನಗತಿದ್ಲು: ನೀಲಿ ಗೀಲಿ ಬಿಡು,
ಏಳನೇ ತಿಂಗಳಾಗ ನಿಮ್ಮವ್ವ ಬೇಡಿದ್ದು
ಮಾಂಜ್ರಾ ಹೊಳಿ ಮೀನು, ಅದೂ ಬಾಲದ ತುಂಡು.
ಮುಳ್ಳು ಬಿಡಿಸಿ ಕೊಟ್ಟಾಕಿ ನಾನು, ನನಗ ಗೊತ್ತಿಲ್ಲ?

ಮಿಶನ್ ದವಾಖಾನಿ ಸುಲೋಚನಮ್ಮ ಸಿಸ್ಟರು:
ಬಾಲ ಅಂದದ್ದು ಖರೆ. ದೂರದೇಶದ ಡಾಕ್ಟರಮ್ಮ ಒಬ್ಬಾಕಿ,
ಮೊಳದುದ್ದ ಹೆಸರು, ನಾಲಿಗಿ ಹೊರಳಲಾರದಕ್ಕ
ನಮ್ಮ ಮಂದಿ ತಲಿ ಕಡಿದು ಬಾಲ ಅಷ್ಟೇ ಕರೀತಿದ್ರು, ಮಿನಾ.
ಆಕಿ ಕುರ್ಚಿ ಇನ್ನೂ ಅದ, ಯಾರೂ ಕೂಡಂಗಿಲ್ಲ.

ಜುಲೇಖಾಬಿ ಅಡ್ಡಗ್ವಾಡಿ ಮ್ಯಾಲಿಂದ,
ಮೆಣಸಿನಕಾಯಿ ತೊಟ್ಟು ಮುರಿಯುತ್ತ:
ನೀ ಹುಟ್ಟಿದಂದು ನಮ್ಮವರು ಹಜ್ಜಿನಾಗಿದ್ರು.
ಮಿನಾ, ಬಿಳೇ ಡೇರೆಗಳ ಊರು.
ವರ್ಷಕ್ಕ ನಾಕೈದು ದಿನ ಊರು, ಉಳಿದದ್ದು ಬಯಲು.

ಹತ್ತನೇ ಇಯತ್ತೆ ಫಾರ್ಮ್ ತುಂಬೂವಾಗ
ದವಾಖಾನಿ ರಜಿಸ್ಟರಿನ ನಕಲು ಬಂತು.
ಮಿನಾ. ದೀರ್ಘ ಇಲ್ಲ. ಅಕ್ಷರ ಜೋಲಿ ಹೊಡೆದು
ಗೆರಿ ಬಿಟ್ಟು ಕೆಳಗ ಇಳಿದಾವ.
ಗುಮಾಸ್ತನ ಕೈಯಲ್ಲ ಇದು.

ಅವ್ವ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ:
ಸಾಕ್ಷರತಾ ಕ್ಲಾಸು, ರಾತ್ರಿ, ಕಂದೀಲು.
ರ ಗ ಸ ದ ಅ ಆಗಿತ್ತು, ಜ ವ ಮ ಬ ನ ಆಗಿತ್ತು,
ಇಳಿ ಆಗಿತ್ತು, ಗುಡಿಸು ಆಗಿತ್ತು.
ಗುಡಿಸಿನ ದೀರ್ಘಕ್ಕ ಬರೂದ್ರಾಗ ನೀ ಬಂದಿ.
ಸಿಸ್ಟರು ಹೆಬ್ಬೆಟ್ಟಿಗೆ ಶಾಯಿ ಹಿಡಿದಿದ್ರು.
ಪೆನ್ನು ಕೊಡ್ರಿ ಅಂದೆ.
ಬರೀಲಾಕ ಬರೂ ಹೆಸರು ಹುಡುಕಿದೆ, ಅಷ್ಟ.
ಸರಸಾ, ವನಜಾ, ಮಿನಾ.
ಮಿನಾ ಸಣ್ಣದಿತ್ತು. ಕೈ ನಡುಗತಿತ್ತು.

ಜುಲೇಖಾಬಿಗೆ ಹೇಳಿದೆ. ನೋಡಿದ್ಯಾ,
ಸರಿಯಾಗಿ ಬರೆದಾಕಿ ನಿಮ್ಮವ್ವ ಒಬ್ಬಾಕಿನೇ, ಅಂದ್ಲು.

ಕಾಗದಪತ್ರದಾಗ ಇವತ್ತಿಗೂ ಹಂಗೇ ಅದ.
ದೀರ್ಘ ನಾ ಹಾಕಿಸಿಲ್ಲ.
ಸಂಜಿಮುಂದ ಅವ್ವ ಮಾಳಿಗಿ ಮ್ಯಾಲ ನಿಂತು ಕರೀತಾಳ,
ಗಲ್ಲಿ ತುದಿ ಮುಟ್ಟೂತನಕ ಎಳೀತಾಳ.