ಗಾಳಿ ಎದ್ದ ಸಂಜೆ

ಬೆಳಗ್ಗೆ ದೋಣಿಗಳಲ್ಲಿ ನೂರ ಎಂಬತ್ತು ಜನ ಇಳಿದುಹೋದರು
ಪೆಂಗ್ವಿನ್ ನೋಡಲು.
ಆರಕ್ಕೆ ವಾಪಸ್ಸು, ಏಳಕ್ಕೆ ಊಟ ಎಂದು ಚೀಟಿಯಲ್ಲಿತ್ತು.

ನಾನು ನಲವತ್ತರಿಂದ ನಲವತ್ತೊಂಬತ್ತರವರೆಗಿನ ಮೇಜುಗಳವನು.
ಹಡಗು ಇಲ್ಲಿ ಲಂಗರು ಹಾಕಿದ್ದು ಹನ್ನೊಂದು ಸಲ,
ನಾನು ಇಳಿದದ್ದು ಒಮ್ಮೆ, ಹಲ್ಲುನೋವಿಗೆ.
ಸ್ಟ್ಯಾನ್ಲಿ ಎಂದರೆ ನನಗೆ
ದಂತವೈದ್ಯರ ಕಿಟಕಿ, ಅದರಾಚೆ ಒಂದು ಹಸಿರು ತಗಡಿನ ಮಾಡು,
ತಂತಿಯ ಮೇಲೆ ನೆಲಕ್ಕೆ ಸಮನಾಗಿ ಹಾರುತ್ತಿದ್ದ ಯಾರದೋ ಅಂಗಿಗಳು.

ಮಿಕ್ಕಿದ್ದನ್ನು ಬಡಿಸುತ್ತ ಕಲಿತೆ.
ಕೂದಲಲ್ಲಿ ಉಪ್ಪು, ಬೂಟಿನಂಚಲ್ಲಿ ಹಿಕ್ಕೆಯ ನಾತ.
ತಾಯಿಹಕ್ಕಿ ಮರಿಯ ಬಾಯಿಗೆ ಕಕ್ಕಿ ಕೊಡುವುದನ್ನು ಕಂಡು ಬಂದವರು
ಮೀನು ಬೇಡ, ಕೋಳಿ ಇದೆಯಾ ಎನ್ನುತ್ತಾರೆ.
ಕಡಲಸಿಂಹ ನೋಡಿದವರಿಗೆ ಹಸಿವು ಜಾಸ್ತಿ, ಯಾಕೋ ಗೊತ್ತಿಲ್ಲ.
ತಿಮಿಂಗಿಲ ಕಾಣಿಸದೆ ಬಂದವರು
ಸೂಪು ಆರಿದೆ ಎಂದು ದೂರುತ್ತಾರೆ.

ಅವತ್ತು ಕರವಸ್ತ್ರಗಳನ್ನು ಪೆಂಗ್ವಿನ್ ಆಕಾರಕ್ಕೆ ಮಡಚಿದೆವು.
ಕೇತುತ್ ಮಡಚಿದ್ದು ನೆಟ್ಟಗೆ ನಿಲ್ಲುತ್ತದೆ.
ನನ್ನದು ಸೊಂಟ ಹಿಡಿದ ಮುದುಕನ ಹಾಗೆ ವಾಲುತ್ತದೆ.
ನೂರ ಎಂಬತ್ತು ಬಿಳಿ ಹಕ್ಕಿಗಳು,
ಒಂದಕ್ಕೂ ಕಣ್ಣಿಲ್ಲ.

ನಾಲ್ಕಕ್ಕೆ ಗಾಳಿ ಎದ್ದಿತು.
ಐದಕ್ಕೆ ದೋಣಿಯೊಂದು ಅರ್ಧ ದಾರಿಯಿಂದ ದಡಕ್ಕೇ ತಿರುಗಿತು.
ಆರಕ್ಕೆ ಗೋಡೆಯೊಳಗಿಂದ ಕಪ್ತಾನರ ದನಿ:
ಇವತ್ತು ಯಾರೂ ಬರುವುದಿಲ್ಲ,
ಊರಿನವರು ಅವರನ್ನು ಮನೆಮನೆಗೆ ಹಂಚಿಕೊಂಡಿದ್ದಾರೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ,
ಇಲ್ಲಿ ತುತ್ತು ಇತ್ತು.
ಬಾಯಿಗಳೇ ಬರಲಿಲ್ಲ.

ಮೇಲ್ವಿಚಾರಕ ಜ್ವೊನಿಮಿರ್ ಗಡಿಯಾರ ನೋಡಿದ,
ಆರುತ್ತಿದ್ದ ಕುರಿಮಾಂಸ ನೋಡಿದ,
"ಕೂತ್ಕೊಳ್ಳಿ" ಎಂದ.
ಯಾರಿಗೆ ಹೇಳಿದ ಎಂದು ನಾವು ಹಿಂದೆ ತಿರುಗಿ ನೋಡಿದೆವು.

ಆರು ವರ್ಷ ಆ ಕುರ್ಚಿಗಳನ್ನು ಎಳೆದುಕೊಟ್ಟಿದ್ದೇನೆ,
ಅವು ಅಷ್ಟು ಮೆತ್ತಗಿವೆ ಎಂದು ತಿಳಿದಿರಲಿಲ್ಲ.
ಕಪ್ಪು ಕೋಟು, ಬಿಳಿ ಅಂಗಿ,
ಕೈ ಎಲ್ಲಿಡಬೇಕೆಂದು ತೋಚದೆ ಪಕ್ಕಕ್ಕೆ ಇಳಿಬಿಟ್ಟು
ಸಾಲಾಗಿ ನಿಂತೇ ಇದ್ದವರನ್ನು ಕಂಡು
ಪಾತ್ರೆ ತೊಳೆಯುವ ಒಸೊರಿಯೊ ನಕ್ಕ:
"ನೋಡ್ರೋ, ಪ್ರವಾಸ ಇಲ್ಲಿಗೇ ಬಂತು."

ಯಾವ ಫೋರ್ಕು ಮೊದಲೆಂದು ನಮ್ಮಷ್ಟು ಬಲ್ಲವರಿಲ್ಲ.
ಯಾರೂ ಮುಟ್ಟಲಿಲ್ಲ, ಕೈಯಲ್ಲೇ ತಿಂದೆವು.
ಹಡಗು ಹೊಯ್ದಾಡಿದಾಗ ಪುದೀನ ಚಟ್ನಿಯ ಬಟ್ಟಲು
ತಾನೇ ಜಾರಿ ಪಕ್ಕದವನ ಬಳಿ ಹೋಗುತ್ತಿತ್ತು.
ನಡುನಡುವೆ ಯಾರಾದರೊಬ್ಬ, ಅಭ್ಯಾಸಬಲ,
ಎದ್ದು ಎಲ್ಲರ ಲೋಟಕ್ಕೂ ನೀರು ತುಂಬಿ ಬರುತ್ತಿದ್ದ.

ನಾನು ಕೂತದ್ದು ನಲವತ್ತೇಳರಲ್ಲಿ,
ಮೊಂಟೆವಿಡಿಯೊದ ಡೋನ್ಯಾ ಎಲ್ವಿರಾ ಒಬ್ಬಳೇ ಕೂರುವ ಜಾಗದಲ್ಲಿ.
ಅಲ್ಲಿಂದ ಕಡಲು ಕಾಣುವುದಿಲ್ಲ.
ಕಾಣುವುದು ಅಡುಗೆಮನೆಯ ಬಾಗಿಲು:
ತೆರೆಯುತ್ತದೆ, ಮುಚ್ಚುತ್ತದೆ, ಒಳಗಿಂದ ಒಬ್ಬ ಬರುತ್ತಾನೆ.
ಕಿಟಕಿ ಪಕ್ಕದ ಮೇಜು ಕೊಡುತ್ತೇವೆಂದರೆ
ಮೂರು ವಾರವೂ ಬೇಡ ಎಂದವಳು.

ಮರುದಿನ ಮಧ್ಯಾಹ್ನ ಗಾಳಿ ಇಳಿದು
ಯಾರ್ಯಾರದೋ ಸ್ವೆಟರು ತೊಟ್ಟು ಎಲ್ಲರೂ ಬಂದರು.
ಆಕೆ ಉಂಡದ್ದು ಐಲ್ಸಾ ಎಂಬುವಳ ಮನೆಯಲ್ಲಂತೆ.
ಒಂದೇ ಹಂಡೆ, ಎಂಟು ಜನ, ಮೇಜಿನ ಕೆಳಗೆ ಕುರಿನಾಯಿ.
"ನನಗೆ ತಟ್ಟೆ ತೊಳೆಯಲು ಬಿಟ್ಟಳು!" ಎಂದಳು,
ಇನ್ನೊಬ್ಬರು ಚಿರತೆ ಕಂಡೆ ಎನ್ನುವ ದನಿಯಲ್ಲಿ.

ಪೆಂಗ್ವಿನ್? ಎಂದೆ.
"ಇದ್ದವು" ಎಂದಳು. "ನಿಂತಿದ್ದವು."

ಚೀಲದಿಂದ ಪುಟ್ಟ ಜಾಡಿ ತೆಗೆದು ನನ್ನ ಕೈಗಿಟ್ಟಳು.
ಗುಡ್ಡದ ಮೇಲೆ ಬೆಳೆಯುವ ಡಿಡಲ್‌-ಡೀ ಹಣ್ಣಿನ ಜಾಮು,
ಐಲ್ಸಾ ಕಾಸಿದ್ದು, "ನಿನಗೆ."
ಹೊರಗಿನ ತಿನಿಸು ಒಳಗೆ ತರುವ ಹಾಗಿಲ್ಲ.
ಜೇಬಿಗಿಳಿಸಿದೆ.

ಅವಸರದಲ್ಲಿ ಮತ್ತೆ ಮಡಚಿಟ್ಟಿದ್ದ, ವಾಲಿದ ಆ ಹಕ್ಕಿಯನ್ನು
ಆಕೆ ಎತ್ತಿ ಬಿಡಿಸಿದಳು.
ಅಂಚಿನಲ್ಲಿ ಪುದೀನದ ಹಸಿರು ಕಲೆ.
ಒಮ್ಮೆ ಕಲೆಯನ್ನು ನೋಡಿದಳು, ಒಮ್ಮೆ ನನ್ನನ್ನು.
ಕಲೆ ಒಳಗಾಗುವಂತೆ ಮಡಚಿ
ತೊಡೆಯ ಮೇಲೆ ಹಾಸಿಕೊಂಡು,
ಎಂದಿನಂತೆ, ಉಪ್ಪಿಲ್ಲದ ಸೂಪು ಕೇಳಿದಳು.