ಇದಲ್ಲ

ಕುರಿಯ ಕರುಳು ನನಗೆ ಗೊತ್ತು.
ಚಳಿಗಾಲಕ್ಕೆ ಮಾಂಸ ಕೂಡಿಡುವ ನವೆಂಬರಿನಲ್ಲಿ
ಆವಿಯಾಡುವ ಬೋಗುಣಿಗೆ ಮೊಣಕೈವರೆಗೆ ಇಳಿದು
ಹಿಂಡಿ, ತೊಳೆದು, ಒಳಗನ್ನು ಹೊರಗೆ ಮಗುಚಿ
ಹದಿನಾಲ್ಕು ಮಾರು ಎಳೆದವಳು ನಾನು,
ಎಲ್ಲೂ ಹರಿಯದಂತೆ.
ರಕ್ತ, ಈರುಳ್ಳಿ, ಹಿಟ್ಟು ತುಂಬಿ ಗಂಟು ಹಾಕುವಾಗ
ಅತ್ತೆ ಅನ್ನುತ್ತಿದ್ದಳು: ನಿನ್ನ ಬೆರಳು ಒಳ್ಳೆಯದು, ತ್ಸೆರ್ಮಾ.

ಹಾಗಾಗಿ ಉಲಾನ್‌ಬಾತರಿನ ಮೂರನೇ ಮಹಡಿಯಲ್ಲಿ
ಡಾಕ್ಟರ್ ಸರಂಚಿಮೆಗ್ ಕಾಗದದ ಮೇಲೆ ಗೆರೆ ಎಳೆದು
ಇಷ್ಟು ತಿರುಚಿತ್ತು, ಇಷ್ಟು ಕಪ್ಪಾಗಿತ್ತು, ತೆಗೆದೆವು,
ಉಳಿದದ್ದು ಅರವತ್ತೆರಡು ಸೆಂಟಿಮೀಟರ್ ಎಂದಾಗ
ಅವಳು ಪೆನ್ನು ಕೆಳಗಿಡುವ ಮೊದಲೇ
ನನ್ನ ಎಡಗೈ ತಾನಾಗಿ ಚಾಚಿಕೊಂಡಿತ್ತು:
ಬೆರಳ ತುದಿಯಿಂದ ಭುಜದವರೆಗೆ.
ಒಂದು ತೋಳು.
ಉಣ್ಣಲು, ಬೆಳೆಯಲು, ಕುದುರೆ ಹತ್ತಲು
ನಿನಗಿರುವುದು ಒಂದು ತೋಳಿನಷ್ಟು ದಾರಿ.

ಐದು ದಿನ ಹೊಲಿಗೆ ತಡೆಯಿತು.
ಆರನೆಯ ರಾತ್ರಿ ನಿನ್ನ ಹೊಟ್ಟೆ
ಚಿಕ್ಕಂದಿನಲ್ಲಿ ನಾವು ಊದಿ ಒದೆಯುತ್ತಿದ್ದ
ಕುರಿಯ ಉಚ್ಚೆಚೀಲದ ಹಾಗೆ ಬಿಗಿದು ಮಿನುಗಿತು.
ಮೂಗಿನ ನಳಿಕೆಯಲ್ಲಿ ಹಸಿರು.
ಬಯಲಿನಲ್ಲಿ ಮೇ ತಿಂಗಳಿಡೀ ನಾನು ಕಾಯುವುದು ಹಸಿರಿಗೇ.
ಇಲ್ಲಿ ಅದು ಕಂಡರೆ ನರ್ಸ್ ಓಡುತ್ತಾಳೆ.
ಜೋಡಿಸಿದ ಕಡೆ ಸೋರುತ್ತಿದೆ, ಅಂದರು.
ಮತ್ತೆ ಬಿಚ್ಚಿದರು.

ಈಗ ನಿನ್ನ ಪಕ್ಕೆಯಲ್ಲೊಂದು ಬಾಯಿ,
ಕೆಂಪಗೆ, ತೇವವಾಗಿ, ಕೂಗದ ಬಾಯಿ.
ನಿನ್ನ ಒಳಗು ಹೊರಗಾಗಿದೆ. ನಾನು ಕುರಿಗೆ ಮಾಡಿದ್ದನ್ನೇ
ಇಲ್ಲ, ಆ ಮಾತು ಬೇಡ.
ಚೀಲಕ್ಕೆ ಬಿದ್ದದ್ದನ್ನು ನರ್ಸ್ ತೂಗುತ್ತಾಳೆ, ಬರೆಯುತ್ತಾಳೆ,
ಅಷ್ಟೇ ನೀರು, ಅಷ್ಟೇ ಉಪ್ಪು, ಕಾಲಿನ ನರದಿಂದ ವಾಪಸು.
ಇಂಥ ಕಟ್ಟುನಿಟ್ಟು ನಮ್ಮ ಅಂಗಡಿಯವನ
ಸಾಲದ ಪುಸ್ತಕದಲ್ಲೂ ಕಂಡಿಲ್ಲ.

ನನಗೋ ಹಾಲು ನಿಲ್ಲುವುದಿಲ್ಲ.
ಮೂರು ಗಂಟೆಗೊಮ್ಮೆ ಹಿಂಡಿ, ಸೀಸೆಗೆ ದಿನಾಂಕ ಅಂಟಿಸಿ,
ಫ್ರೀಜರ್ ತುಂಬಿದ ಮೇಲೆ
ಕಿಟಕಿಯ ಎರಡು ಗಾಜುಗಳ ನಡುವೆ ಸಾಲಾಗಿ ಇಟ್ಟೆ.
ಹೊರಗೆ ಮೈನಸ್ ಮೂವತ್ತು, ಕಲ್ಲಿದ್ದಲಿನ ಹೊಗೆ.
ಅತ್ತೆ ಅದರಲ್ಲೊಂದನ್ನು ಕದ್ದು, ಕೋಟಿನೊಳಗೆ ಕರಗಿಸಿ,
ಬೆಳಿಗ್ಗೆ ಕಾರುಗಳ ನಡುವೆ ನಿಂತು
ಒಂಬತ್ತು ಕುಳಿಯ ಮರದ ಸೌಟಿನಿಂದ ಆಕಾಶಕ್ಕೆ ಎರಚಿದಳು.
ಕಾವಲಿನವನು ಬೈದ.
ಯಾರದೋ ಟೊಯೋಟಾದ ಮೇಲೆ ಹನಿಗಳು ಹೆಪ್ಪುಗಟ್ಟಿದವು.
ಕುಡಿಯಬೇಕಾದವನು ಕುಡಿಯುವವರೆಗೆ
ಮೇಲಿರುವವನು ಕುಡಿಯಲಿ ಬಿಡು, ಅಂದಳು.

ಹೆಸರಿಟ್ಟವಳೂ ಅವಳೇ. ಎನೆಬಿಶ್.
ಇದಲ್ಲ, ಎಂದು ಅರ್ಥ.
ಕೂಸುಗಳನ್ನು ಹುಡುಕಿಕೊಂಡು ಬರುವುದು
ಯಾವುದು, ಯಾವುದು ಎಂದು ಕೇಳಿದರೆ
ಇದಲ್ಲ. ಬೇರೆ ಕಡೆ ನೋಡು.
ಡಾಕ್ಟರು ದಿನಾ ಬೆಳಿಗ್ಗೆ ಗಾಜಿನ ಪೆಟ್ಟಿಗೆಯ ಚೀಟಿ ನೋಡಿ
ಅದನ್ನೇ ಗಟ್ಟಿಯಾಗಿ ಓದುತ್ತಾರೆ.
ಪಕ್ಕದ ಪೆಟ್ಟಿಗೆಯ ಮಗುವಿಗೆ ಚೆಂದದ ಹೆಸರಿತ್ತು.
ಮಂಗಳವಾರ ಆ ಪೆಟ್ಟಿಗೆಯನ್ನು ಖಾಲಿ ಮಾಡಿ ಒರೆಸಿದರು.
ನಾನು ಆ ತಾಯಿಯ ಮುಖ ನೋಡಲಿಲ್ಲ,
ಬೂಟು ನೋಡಿದೆ.

ಹೆತ್ತ ಕರುಳು ಅನ್ನುತ್ತಾರೆ.
ನನ್ನದು ಮಾರುಗಟ್ಟಲೆ ಸುರುಳಿ ಸುತ್ತಿ ಒಳಗೆ ಸುಮ್ಮನೆ ಬಿದ್ದಿದೆ.
ಒಂದು ಗೇಣು ಕತ್ತರಿಸಿ ಇವನಿಗೆ ಹಾಕಿ, ಎಂದು ಕೇಳಿಯೂಬಿಟ್ಟೆ.
ಸರಂಚಿಮೆಗ್ ನಗಲಿಲ್ಲ.
ಹಾಗೆ ಆಗುವುದಿಲ್ಲ ಎಂದು ಕೈಗವಸು ಕಳಚಿ
ನನ್ನ ಪಕ್ಕ ಸ್ವಲ್ಪ ಹೊತ್ತು ಕೂತಳು.

ಇಪ್ಪತ್ತೊಂದನೆಯ ದಿನ ನಳಿಕೆಯ ಹಸಿರು ತಿಳಿಯಾಯಿತು.
ಒಂದು ಮಿಲಿಲೀಟರ್ ಕೊಟ್ಟು ನೋಡೋಣ, ಅಂದರು.
ಮೊದಲ ದಿನದ ಗಿಣ್ಣುಹಾಲು ಕರಗಿಸಿದೆವು.
ಇರುವೆಯ ನಡಿಗೆಯಲ್ಲಿ ಅದು ಇಳಿಯಿತು,
ಒಂದು ತೋಳಿನ ದಾರಿಯೊಳಗೆ ಎಲ್ಲೋ ಕಾಣೆಯಾಯಿತು.
ಗಂಟೆ ಎರಡು. ಗಂಟೆ ನಾಲ್ಕು.
ನಸುಕಿಗೆ ಚೀಲದ ಮೂಲೆಯಲ್ಲಿ ಹಳದಿ,
ಉಗುರಿನಷ್ಟು.
ನರ್ಸ್ ತೂಗುವುದನ್ನೇ ಮರೆತು ನಿಂತಳು.

ಅತ್ತೆ ಬಗ್ಗಿ ನೋಡಿದಳು, ಮೂಸಿದಳು,
ಆಮೇಲೆ ಕಿಟಕಿಗೆ ಮುಖ ಮಾಡಿ
ಹೊರಗಿನ ಕತ್ತಲೆಗೆ ಚೆನ್ನಾಗಿ ಕೇಳಿಸುವಂತೆ,
ಛೀ, ಎಂಥ ಹೊಲಸು ಕೂಸಪ್ಪ,
ಯಾರಿಗೆ ಬೇಕು ಇದು, ಎಂದಳು.