ನಲವತ್ತೊಂದು ಸಲ

ಮಡಗಾಂವ, ಪಾವಿನ ಬೇಕರಿಯ ಮೇಲಿನ ಖೋಲಿ.
ಕೇಣಿ ಮೇಡಂ ನನ್ನ ಪ್ರಬಂಧದ ಮೇಲೆ
ಫ್ಯಾನಿಗೆ ಹಾರದಂತೆ ಕನ್ನಡಕದ ಡಬ್ಬಿ ಇಟ್ಟಿದ್ದಾರೆ.
ಅಂಚಿನಲ್ಲಿ ಕೆಂಪು ಶಾಯಿಯ ಒಂದೇ ಮಾತು:
ಪುರಾವೆ?

ಇದೆ, ಎಂದೆ.
ಕತೆಯಲ್ಲಿ ತಮ್ಮ ಹುಟ್ಟಿದ ದಿನದಿಂದ 'ಅವನು'.
ಬಂದ, ಬಿದ್ದ, ಹಟ ಹಿಡಿದ, ಸಾಲಿ ಬಿಟ್ಟ.
ಅಕ್ಕ ಮಾತ್ರ ಬಂತು, ಬಿತ್ತು, ನೀರು ತಂತು,
ಸುಮ್ಮನಿತ್ತು.
ನಲವತ್ತೊಂದು ಸಲ. ಎಣಿಸಿದ್ದೇನೆ ಮೇಡಂ,
ವಾಸ್ಕೋ ಬಸ್ಸಿನಲ್ಲಿ ನಿಂತು, ಬೆರಳು ಮಡಚಿ.
'ಅವಳು' ಎಂದು ಬರುವುದು ಒಂದೇ ಕಡೆ,
ಗಂಡಿನವರು ನೋಡಲು ಬಂದ ಮಧ್ಯಾಹ್ನ.
ಸಾಮಾನು ಸಾಗಿಸುವ ಮುಂಚೆ
ಚೀಟಿ ಅಂಟಿಸಿದ ಹಾಗೆ.

"ಅದು ಆ ಕಡೆಯ ಆಡುಮಾತು," ಎಂದರು.
"ಹೆಣ್ಣುಮಕ್ಕಳನ್ನು ಮುದ್ದಿಗೆ ಹಾಗನ್ನುತ್ತಾರೆ.
ಕಿವಿಗೆ ಬಿದ್ದದ್ದನ್ನು ಬರೆದ, ಪಾಪ.
ವ್ಯಾಕರಣದ ಮೇಲೆ ಖಟ್ಲೆ ಹಾಕುತ್ತೀಯಾ?"

ಮುದ್ದೇ. ಅಲ್ಲವೆಂದೆನೇ?
ಬಂದರಿನ ಅದಿರಿನ ಧೂಳಿನಲ್ಲಿ, ಗದಗಿನ ಮಾತಿನಲ್ಲಿ
ನಾನೂ ಅದೇ ಮುದ್ದು ತಿಂದು ಬೆಳೆದವಳು.
ಆದರೆ ಮುದ್ದು ತಮ್ಮನ ಮೇಲೂ ಇತ್ತಲ್ಲ,
ಅವನನ್ನು ಯಾಕೆ
ಕರು, ಕೊಡ, ಕಿಟಕಿಗಳ ಸಾಲಿನಲ್ಲಿ
ಒಂದು ದಿನವೂ ನಿಲ್ಲಿಸಲಿಲ್ಲ?

ಉತ್ತರಕ್ಕೂ ಮೊದಲು ಫೋನು.
ಮೇಡಂ ಗೋಡೆಯತ್ತ ತಿರುಗಿ, ದನಿ ಮೆತ್ತಗೆ ಮಾಡಿ:
"ತೆಂ ಆಯ್ಲೆಂ? ತೆಂ ಜೆವ್ಲೆಂ?"
ಮಗಳ ವಿಷಯ. ಪಣಜಿ ಕೋರ್ಟಿನಲ್ಲಿ
ಕರಿಕೋಟು ತೊಟ್ಟು ವಾದಿಸುವ ಮಗಳು.
ನನಗೆ ಕೊಂಕಣಿ ಬರುತ್ತದೆ.
ಅವರಿಗೂ ಅದು ಗೊತ್ತು.
ಫೋನಿಟ್ಟು ಬಹಳ ಹೊತ್ತು
ಶುಭ್ರವಾಗಿಯೇ ಇದ್ದ ಕನ್ನಡಕ ಒರೆಸಿದರು.

ಒಪ್ಪಿದೆ ಅನ್ನಲಿಲ್ಲ.
ಅಂಚಿನ ಪ್ರಶ್ನೆಯನ್ನು ಹೊಡೆದು ಹಾಕಲೂ ಇಲ್ಲ.
"ನಲವತ್ತೊಂದಲ್ಲ," ಎಂದರು, "ನಲವತ್ತಮೂರು.
ಹದಿನಾರನೇ ಪುಟ, ಕೊನೆಯ ಎರಡು ಸಾಲು.
ಬಸ್ಸಿನಲ್ಲಿ ಎಣಿಸಬೇಡ."

ರಾತ್ರಿ ಕದ ಬಡಿದರೆ ಒಳಗಿಂದ ಅವ್ವ, ಅಪ್ಪನಿಗೆ:
"ಬಂತ್ ನೋಡ್ರಿ. ಹಸದೈತಿ ಅದು."
ನಲವತ್ತನಾಲ್ಕು,
ನಲವತ್ತೈದು, ಎನ್ನುತ್ತ ಚಪ್ಪಲಿ ಬಿಟ್ಟೆ.
ಹಂಚಿನಿಂದ ನೇರ ತಾಟಿಗೆ ಬಿದ್ದ ರೊಟ್ಟಿ,
ಮೇಲೆ ಒಂದು ಚೂರು ಬೆಣ್ಣೆ, ತಮ್ಮನಿಗಿಲ್ಲದ್ದು.
ಇದನ್ನು ಪ್ರಬಂಧದಲ್ಲಿ ಎಲ್ಲಿ ಸೇರಿಸಲಿ?
ಮೂರು ತಿಂದೆ.
'ತಿಂದೆ', ಇದು ಯಾವ ಲಿಂಗ,
ಕೇಳಲು ಮರೆತೆ.